ಬಸ್ ಗೇಮ್ ಅರ್ಧಕ್ಕೇ ಕ್ಲೋಸ್ ಆಗ್ತಿದ್ಯಾ? ಮೋಡ್ ಡಿಲೀಟ್ ಮಾಡೋ ಮೊದಲು ಸೇವ್ ಉಳಿಸ್ಕೊಳ್ಳಿ

ಶಿವಮೊಗ್ಗ: ಪರೀಕ್ಷೆ ಮುಗಿದು ರಜೆ ಸಿಕ್ಕಿದ್ರೆ ಸಾಕು, ಹುಡುಗರ ಲ್ಯಾಪ್‌ಟಾಪ್‌ಗಳಲ್ಲಿ ಐರಾವತ, ರಾಜಹಂಸ ಬಸ್ಸುಗಳು ರೋಡಿಗಿಳಿಯುತ್ತವೆ. ಆಟದ ಹೆಸರು ಯೂರೋ ಟ್ರಕ್ ಸಿಮ್ಯುಲೇಟರ್ 2. ಝೆಕ್ ದೇಶದ ಪ್ರಾಗ್ ನಗರದ ಎಸ್‌ಸಿಎಸ್ ಸಾಫ್ಟ್‌ವೇರ್ ಕಂಪನಿ 2012ರಲ್ಲಿ ತಂದ ಈ ಆಟ ಮೂಲತಃ ಯುರೋಪಿನ ಲಾರಿಗಳದ್ದು. ನಮ್ಮ ಬಸ್ಸು, ನಮ್ಮ ಘಾಟಿ, ರಸ್ತೆಗೆ ಅಡ್ಡ ಬರೋ ಆಟೋ, ಟೆಂಪೋ ಎಲ್ಲ ಹವ್ಯಾಸಿಗಳು ಮಾಡಿ ಸೇರಿಸಿದ್ದು. ಇದಕ್ಕೇ ಮೋಡ್ ಅನ್ನೋದು.

ಮೋಡ್ ಜಾಸ್ತಿ ಆದಷ್ಟು ಒಂದು ಕಾಯಿಲೆನೂ ಜಾಸ್ತಿ ಆಗುತ್ತೆ. ಆಟ ಇದ್ದಕ್ಕಿದ್ದಂತೆ ನಿಂತು, ಪರದೆ ಕಪ್ಪಾಗಿ, ವಾಪಸ್ ಡೆಸ್ಕ್‌ಟಾಪ್ ಕಾಣಿಸುತ್ತೆ. ಅದನ್ನೇ ಕ್ರ್ಯಾಶ್ ಅಂತಾರೆ.

ಮೊನ್ನೆ ನಮ್ಮ ಬೀದಿಯ ಪಿಯುಸಿ ಹುಡುಗನೊಬ್ಬ ರಾತ್ರಿ ಒಂಬತ್ತು ಗಂಟೆಗೆ ಲ್ಯಾಪ್‌ಟಾಪ್ ಹಿಡ್ಕೊಂಡು ಬಂದ. "ಅಣ್ಣಾ, ಗೇಮ್ ಕ್ರ್ಯಾಶ್ ಆಗ್ತಿತ್ತು. ವಿಡಿಯೋ ನೋಡಿ ಮೋಡ್ ಫೋಲ್ಡರ್ ಪೂರ್ತಿ ಖಾಲಿ ಮಾಡ್ದೆ. ಈಗ ಗೇಮ್ ಓಪನ್ ಆಗುತ್ತೆ, ಆದ್ರೆ ನನ್ನ ಬಸ್ಸುಗಳೇ ಇಲ್ಲ" ಅಂದ. ಒಂದು ವರ್ಷದಿಂದ ಟ್ರಿಪ್ ಹೊಡೆದು, ಸಾಲ ತೀರಿಸಿ, ಒಂಬತ್ತು ಗ್ಯಾರೇಜ್ ಕಟ್ಟಿದ್ದ. ಕ್ರ್ಯಾಶ್ ಸರಿಹೋಗಿತ್ತು, ಹೋಗಿದ್ದು ಅವನ ವರ್ಷದ ದುಡಿಮೆ. ನೋಡೋರಿಗೆ ಆಟ ಅಷ್ಟೇ ಅನ್ನಿಸ್ಬಹುದು, ಅವನ ಮುಖ ನೋಡಿದ್ರೆ ಹಾಗೆ ಹೇಳೋಕೆ ಬಾಯಿ ಬರ್ತಿರ್ಲಿಲ್ಲ.

ಬಸ್ಸು ಎಲ್ಲಿ ಹೋಯ್ತು?

ಇದು ಅರ್ಥ ಆದ್ರೆ ಅರ್ಧ ಕೆಲಸ ಆದಂಗೆ. ನಿಮ್ಮ ಸೇವ್ ಫೈಲ್‌ನಲ್ಲಿ ಬಸ್ಸು ಇರೋದೇ ಇಲ್ಲ! ಅಲ್ಲಿರೋದು ಬರೀ ಚೀಟಿ. ಕಿರಾಣಿ ಅಂಗಡಿಗೆ ಸಾಮಾನಿನ ಚೀಟಿ ಕೊಟ್ಟಹಾಗೆ, "ಈ ಗ್ಯಾರೇಜಿನಲ್ಲಿ ಇಂಥ ಹೆಸರಿನ ಗಾಡಿ, ಇಂಥ ಎಂಜಿನ್, ಇಂಥ ಬಣ್ಣ" ಅಂತ ಬರೆದಿರುತ್ತೆ. ನಿಜವಾದ ಬಸ್ಸು, ಅಂದ್ರೆ ಅದರ ಆಕಾರ, ಹಾರನ್, ಸೀಟು ಎಲ್ಲ ಇರೋದು ಮೋಡ್ ಫೈಲ್‌ನಲ್ಲಿ. ಮೋಡ್ ತೆಗೆದ್ರೆ ಚೀಟಿ ಇದೆ, ಸಾಮಾನಿಲ್ಲ.

ಆಗ ಆಟ ಏನು ಮಾಡುತ್ತೆ? ಮೋಡ್‌ನಲ್ಲಿ ಬದಲಾವಣೆ ಆಗಿದೆ ಅಂತ ಎಚ್ಚರಿಸಿ, ನಡೀತಿದ್ದ ಟ್ರಿಪ್ ರದ್ದು ಮಾಡಿ, ಸಿಗದ ಗಾಡಿಯನ್ನ ಲೆಕ್ಕದಿಂದ ಬಿಟ್ಟು ಮುಂದೆ ಹೋಗುತ್ತೆ. ಇಲ್ಲಿವರೆಗೂ ಅನಾಹುತ ಏನಿಲ್ಲ, ಯಾಕಂದ್ರೆ ಹಳೇ ಚೀಟಿ ಇನ್ನೂ ಡಿಸ್ಕ್‌ನಲ್ಲಿದೆ. ಅಪಾಯ ಬರೋದು ಮುಂದಿನ ಆಟೋಸೇವ್‌ಗೆ. ನೀವು ಒಂದು ನಿದ್ದೆ ಮಾಡಿಸಿದ್ರೆ, ಒಂದು ಟ್ರಿಪ್ ಮುಗಿಸಿದ್ರೆ, ಬಸ್ಸಿಲ್ಲದ ಹೊಸ ಲೆಕ್ಕ ಹಳೇ ಆಟೋಸೇವ್ ಮೇಲೆ ಕೂತ್ಕೊಳ್ಳುತ್ತೆ. ಆಮೇಲೆ ಮೋಡ್ ವಾಪಸ್ ಹಾಕಿದ್ರೂ ಶೋರೂಮಿನಲ್ಲಿ ಬಸ್ಸು ಕಾಣುತ್ತೆ, ನಿಮ್ಮ ಗ್ಯಾರೇಜಿನಲ್ಲಿ ಅಲ್ಲ.

ಮೊದಲು ಕಾಪಿ, ಆಮೇಲೆ ರಿಪೇರಿ

ಕ್ರ್ಯಾಶ್ ಆದ ತಕ್ಷಣ ಆಟವನ್ನ ಮತ್ತೆ ಓಪನ್ ಮಾಡ್ಬೇಡಿ. ಎಲ್ಲರೂ ಮಾಡೋ ಮೊದಲ ತಪ್ಪು ಇದೇ. ಡಾಕ್ಯುಮೆಂಟ್ಸ್ ಒಳಗೆ ಆಟದ ಹೆಸರಿನ ಫೋಲ್ಡರ್ ಇರುತ್ತೆ. ಅದರಲ್ಲಿ ಗೇಮ್ ಲಾಗ್ ಅನ್ನೋ ಟೆಕ್ಸ್ಟ್ ಫೈಲ್ ಇದೆ. ಆಟ ಪ್ರತಿ ಸಲ ಶುರುವಾದಾಗ್ಲೂ ಈ ಫೈಲನ್ನ ಹೊಸದಾಗಿ ಬರೆಯುತ್ತೆ. ಅಂದ್ರೆ ಮತ್ತೆ ಓಪನ್ ಮಾಡಿದ್ರೆ ಸಾಕ್ಷಿ ಅಳಿಸಿಹೋಯ್ತು. ಅದನ್ನೂ, ಪಕ್ಕದಲ್ಲೇ ಇರೋ ಗೇಮ್ ಕ್ರ್ಯಾಶ್ ಫೈಲನ್ನೂ ಮೊದಲು ಬೇರೆ ಕಡೆ ಕಾಪಿ ಮಾಡ್ಕೊಳ್ಳಿ.

ಆಮೇಲೆ ಪ್ರೊಫೈಲ್ಸ್ ಫೋಲ್ಡರ್. ಒಳಗೆ ಹೋದ್ರೆ ನಿಮ್ಮ ಹೆಸರು ಕಾಣಲ್ಲ, ಅರ್ಥವಾಗದ ಉದ್ದ ನಂಬರ್ ಕಾಣುತ್ತೆ. ಹೆದರ್ಬೇಡಿ. ಆಟ ಪ್ರೊಫೈಲ್ ಹೆಸರಿನ ಒಂದೊಂದು ಅಕ್ಷರವನ್ನೂ ಕಂಪ್ಯೂಟರ್ ಸಂಕೇತಕ್ಕೆ ಬದಲಾಯಿಸಿ ಇಟ್ಟಿರುತ್ತೆ. ಇಂಗ್ಲಿಷಿನಲ್ಲಿ ಮೊದಲ ಅಕ್ಷರ ದೊಡ್ಡದು ಹಾಕಿ ರವಿ ಅಂತ ಹೆಸರಿಟ್ಟಿದ್ರೆ ಫೋಲ್ಡರ್ 52617669 ಆಗಿರುತ್ತೆ. ಯಾವುದು ಅಂತ ಗೊಂದಲ ಆದ್ರೆ ತಾರೀಖು ನೋಡಿ, ಕೊನೆಯದಾಗಿ ಬದಲಾದದ್ದೇ ನಿಮ್ಮದು. ಇನ್ನೂ ಸುಲಭ ಅಂದ್ರೆ ಪ್ರೊಫೈಲ್ಸ್ ಫೋಲ್ಡರನ್ನೇ ಇಡಿಯಾಗಿ ಪೆನ್‌ಡ್ರೈವ್‌ಗೆ ಹಾಕ್ಕೊಳ್ಳಿ. ಮೋಡ್ ಫೋಲ್ಡರನ್ನೂ ಹಾಕ್ಕೊಳ್ಳಿ. ಚೀಟಿ ಇದ್ದು ಸಾಮಾನು ಇಲ್ಲದಿದ್ರೆ ಏನಾಗುತ್ತೆ ಅಂತ ಮೇಲೆ ನೋಡಿದ್ವಲ್ಲ.

ಅಲ್ಲಿ ನಿಮ್ಮ ಪ್ರೊಫೈಲ್ ಇಲ್ಲವೇ ಇಲ್ಲ ಅಂದ್ರೆ ನೀವು ಸ್ಟೀಮ್ ಕ್ಲೌಡ್ ಆನ್ ಮಾಡಿರ್ತೀರಿ. ಆಗ ಅದು ಸ್ಟೀಮ್ ಫೋಲ್ಡರಿನ ಯೂಸರ್‌ಡೇಟಾ ಒಳಗೆ, 227300 ಅನ್ನೋ ಫೋಲ್ಡರಿನಲ್ಲಿರುತ್ತೆ. ಅದು ಸ್ಟೀಮ್‌ನಲ್ಲಿ ಈ ಆಟದ ನಂಬರ್. "ಕ್ಲೌಡ್ ಇದೆಯಲ್ಲ, ಬ್ಯಾಕಪ್ ಯಾಕೆ" ಅಂತ ಕೇಳೋರಿದ್ದಾರೆ. ಕ್ಲೌಡ್‌ಗೆ ಒಳ್ಳೇದು ಕೆಟ್ಟದ್ದು ಗೊತ್ತಾಗಲ್ಲ. ಹಾಳಾದ ಸೇವ್ ಆದ್ರೂ ನಿಷ್ಠೆಯಿಂದ ಮೇಲಕ್ಕೆ ಕಳಿಸುತ್ತೆ.

ಎಲ್ಲಿ ಕ್ರ್ಯಾಶ್ ಆಗುತ್ತೆ ಅನ್ನೋದೇ ಸುಳಿವು

ಲಾಗ್ ಫೈಲ್ ಓಪನ್ ಮಾಡಿದ್ರೆ ನೂರಾರು ಸಾಲು ಎರರ್ ಕಾಣಿಸಿ ತಲೆ ಗಿರ್ ಅನ್ನುತ್ತೆ. ಆದ್ರೆ ಮೋಡ್ ಹಾಕಿದ ಆಟ ಚೆನ್ನಾಗಿ ಓಡ್ತಿದ್ದಾಗ್ಲೂ ಅದರಲ್ಲಿ ಎರರ್ ಇದ್ದೇ ಇರುತ್ತೆ. ಒಂದು ಬಣ್ಣ ಸಿಗಲಿಲ್ಲ, ಒಂದು ಸೌಂಡ್ ಸಿಗಲಿಲ್ಲ ಅಂತ. ಅದಕ್ಕೆ ಆಟ ಸಾಯಲ್ಲ. ಕೊನೆಯ ಇಪ್ಪತ್ತು ಮೂವತ್ತು ಸಾಲು ಮಾತ್ರ ನೋಡಿ. ಅಲ್ಲಿ ಯಾವುದಾದ್ರೂ ಗಾಡಿಯ ಇಲ್ಲ ಮ್ಯಾಪಿನ ಹೆಸರು ಪದೇ ಪದೇ ಬಂದಿದ್ರೆ ಅನುಮಾನ ಅದರ ಮೇಲಿಡಿ. ಅನುಮಾನ ಅಷ್ಟೇ, ತೀರ್ಪಲ್ಲ. ಲಾಗ್‌ನ ಮೇಲ್ಭಾಗದಲ್ಲಿ ಆನ್ ಇದ್ದ ಮೋಡ್‌ಗಳ ಪಟ್ಟಿ ಇರುತ್ತೆ, ಮುಂದೆ ಕೆಲಸಕ್ಕೆ ಬರುತ್ತೆ.

ನನ್ನ ಅನುಭವದಲ್ಲಿ ಲಾಗ್‌ಗಿಂತ ಜಾಸ್ತಿ ಹೇಳೋದು ಕ್ರ್ಯಾಶ್ ಆದ ಜಾಗ. ದಿನಾ ಅದೇ ತಿರುವಿನಲ್ಲಿ ಆಗ್ತಿದ್ರೆ ಮ್ಯಾಪ್ ಮೋಡ್. ಗ್ಯಾರೇಜ್ ಇಲ್ಲ ಶೋರೂಮ್ ಒಳಗೆ ಹೋದ ಕೂಡಲೇ ಆದ್ರೆ ಯಾವುದೋ ಗಾಡಿಯ ಮೋಡ್. ಎಲ್ಲೆಂದರಲ್ಲಿ, ಹೊತ್ತುಗೊತ್ತಿಲ್ಲದೆ ಆದ್ರೆ ಟ್ರಾಫಿಕ್ ಪ್ಯಾಕ್ ಮೇಲೆ ಕಣ್ಣಿಡಿ. ಅದರಲ್ಲಿ ಒಂದೇ ಒಂದು ಟೆಂಪೋ ಸರಿಯಿಲ್ಲದಿದ್ರೂ ಆ ಟೆಂಪೋ ರಸ್ತೆಗೆ ಬರೋ ಗಳಿಗೆಗೆ ಆಟ ಕೂರುತ್ತೆ. ಗಂಟೆಗಟ್ಟಲೆ ಆಡಿ, ಲ್ಯಾಪ್‌ಟಾಪ್ ದೋಸೆಕಾವಲಿ ತರ ಕಾದ ಮೇಲೆ ಆದ್ರೆ ಮೋಡ್‌ಗೆ ಬೈಬೇಡಿ, ಫ್ಯಾನಿನ ಧೂಳು ತೆಗೆಸಿ.

ಇನ್ನು ಪ್ರೊಫೈಲ್ ಆಯ್ಕೆ ಮಾಡೋ ಪರದೆಗೂ ಬರದೆ ಸತ್ತರೆ? ಆಗ ಸೇವ್‌ಗೂ ಅದಕ್ಕೂ ಸಂಬಂಧ ಇಲ್ಲ ಅಂತ ಹೆಚ್ಚುಕಮ್ಮಿ ಧೈರ್ಯವಾಗಿರ್ಬಹುದು. ಸ್ಟೀಮ್‌ನಲ್ಲಿ ಆಟದ ಫೈಲ್‌ಗಳನ್ನ ಪರೀಕ್ಷಿಸೋ ಆಯ್ಕೆ ಇದೆ, ಅದನ್ನ ಓಡಿಸಿ. ಜೊತೆಗೆ ಆಟ ಇನ್‌ಸ್ಟಾಲ್ ಆದ ಜಾಗದ ಬಿನ್ ಫೋಲ್ಡರ್ ಒಳಗೆ ಪ್ಲಗಿನ್ಸ್ ಅಂತ ಒಂದು ಫೋಲ್ಡರ್ ಇದ್ಯಾ ನೋಡಿ. ಸ್ಪೀಡ್ ತೋರಿಸೋ, ಸ್ಟೀರಿಂಗ್‌ಗೆ ಜೋಡಿಸೋ ಸಣ್ಣ ತಂತ್ರಾಂಶಗಳು ಅಲ್ಲಿ ಕೂತಿರ್ತವೆ. ಮೋಡ್ ಪಟ್ಟಿಯಲ್ಲಿ ಇವು ಕಾಣೋದೇ ಇಲ್ಲ, ಅದಕ್ಕೇ ಜನ ದಿನಗಟ್ಟಲೆ ಹುಡುಕ್ತಾರೆ.

ನಲವತ್ತು ಮೋಡ್, ಆರು ಪ್ರಯತ್ನ

ಈಗ ಕಳ್ಳನನ್ನ ಹಿಡಿಯೋ ಕೆಲಸ. ಇದನ್ನ ನಿಮ್ಮ ಪ್ರೊಫೈಲ್‌ನಲ್ಲಿ ಮಾಡ್ಬೇಡಿ. ಆಟದಲ್ಲಿ ಟೆಸ್ಟ್ ಅಂತ ಹೊಸ ಪ್ರೊಫೈಲ್ ಮಾಡಿ, ಕ್ಲೌಡ್ ಆಫ್ ಇರಲಿ. ಮೋಡ್ ಇಲ್ಲದೆ ಒಮ್ಮೆ ಓಡಿಸಿ ನೋಡಿ. ಖಾಲಿ ಆಟನೂ ಬಿದ್ದರೆ ತೊಂದರೆ ಆಟದ್ದೋ ಕಂಪ್ಯೂಟರಿನದ್ದೋ. ಚೆನ್ನಾಗಿ ಓಡಿದ್ರೆ ಆಟ ಮುಚ್ಚಿ. ನಿಮ್ಮ ಹಳೇ ಪ್ರೊಫೈಲಿನ ಸೇವ್ ಫೋಲ್ಡರ್ ಒಳಗಿಂದ ಒಂದು ಸೇವ್ ತಗೊಂಡು ಟೆಸ್ಟ್ ಪ್ರೊಫೈಲಿನ ಸೇವ್ ಫೋಲ್ಡರ್‌ಗೆ ಹಾಕಿ. ಈಗ ಇಲ್ಲಿ ಬಸ್ಸು ಮಾಯವಾದ್ರೂ, ಗ್ಯಾರೇಜ್ ಬಿದ್ದರೂ ನಿಮ್ಮ ಅಸಲಿಗೆ ಏನೂ ಆಗಲ್ಲ.

ಒಂದೊಂದೇ ಮೋಡ್ ತೆಗೆದು ನೋಡಿದ್ರೆ 40 ಮೋಡ್‌ಗೆ 40 ಸಲ ಆಟ ಓಪನ್ ಮಾಡ್ಬೇಕು. ಅದರ ಬದಲು ಅರ್ಧ, ಅಂದ್ರೆ 20 ಮಾತ್ರ ಆನ್ ಮಾಡಿ. ಕ್ರ್ಯಾಶ್ ಆಯ್ತಾ? ಕಳ್ಳ ಈ 20ರಲ್ಲಿದ್ದಾನೆ. ಆಗ್ಲಿಲ್ವಾ? ಇನ್ನೊಂದು 20ರಲ್ಲಿ. ಸಿಕ್ಕ 20ರಲ್ಲಿ 10, ಆಮೇಲೆ 5, ಆಮೇಲೆ 3, ಹೀಗೆ ಹೆಚ್ಚಂದ್ರೆ ಆರನೇ ಸಲಕ್ಕೆ ಒಂದೇ ಉಳಿಯುತ್ತೆ. ಪ್ರತಿ ಸಲವೂ ನೀವು ತಂದು ಹಾಕಿದ ಅದೇ ಸೇವ್ ಓಪನ್ ಮಾಡಿ, ನಡುವೆ ಆಗೋ ಆಟೋಸೇವ್ ಮುಟ್ಟಬೇಡಿ.

ಎರಡು ಕಡೆ ಈ ಲೆಕ್ಕ ತಪ್ಪುತ್ತೆ. ಪ್ರೋಮೋಡ್ಸ್‌ನಂಥ ದೊಡ್ಡ ಮ್ಯಾಪ್‌ಗಳು ಹಲವು ಫೈಲ್‌ಗಳಾಗಿ ಬರ್ತವೆ, ಅವು ಒಟ್ಟಿಗೆ ಇರಬೇಕು ಇಲ್ಲ ಒಟ್ಟಿಗೆ ಹೋಗಬೇಕು. ಅರ್ಧಕ್ಕೆ ಕತ್ತರಿಸಿದ್ರೆ ಹೊಸ ಕ್ರ್ಯಾಶ್ ನೀವೇ ಹುಟ್ಟಿಸಿದಂಗೆ. ಇನ್ನೊಂದು, ಎರಡು ಮೋಡ್ ಬೇರೆ ಬೇರೆ ಇದ್ದಾಗ ಸಾಧು, ಸೇರಿದ್ರೆ ಜಗಳ. ಆಗ ಎರಡರ್ಧವೂ ಚೆನ್ನಾಗೇ ಓಡ್ತವೆ. ಅಂಥ ಹೊತ್ತಲ್ಲಿ ಪಟ್ಟಿಯ ಕ್ರಮ ನೋಡಬೇಕು. ಮೋಡ್ ಪಟ್ಟಿಯಲ್ಲಿ ಮೇಲಿರೋನ ಮಾತೇ ನಡೆಯೋದು, ಕೆಳಗಿನವನದ್ದನ್ನ ಮೇಲಿನವ ಅಳಿಸ್ತಾನೆ. ಮ್ಯಾಪ್ ಮಾಡಿದೋರು ಯಾವುದು ಮೇಲೆ ಯಾವುದು ಕೆಳಗೆ ಅಂತ ಬರೆದಿದ್ರೆ ಅದನ್ನೇ ಪಾಲಿಸಿ, ನಿಮ್ಮ ಬುದ್ಧಿ ಉಪಯೋಗಿಸ್ಬೇಡಿ.

ಕಳ್ಳ ಸಿಕ್ಕ ಮೇಲೆ

ಅಸಲಿ ಪ್ರೊಫೈಲ್ ಇನ್ನೂ ಓಪನ್ ಆಗ್ತಿದ್ರೆ ಮೋಡನ್ನ ಮರ್ಯಾದೆಯಿಂದ ಕಳಿಸಿ. ನಡೀತಿರೋ ಟ್ರಿಪ್ ಮುಗಿಸಿ, ಕಂಪನಿಯ ಮೂಲ ಲಾರಿಯೊಂದನ್ನ ತಗೊಂಡು ಅದರಲ್ಲಿ ಕೂತ್ಕೊಳ್ಳಿ, ಮೋಡ್ ಬಸ್ಸನ್ನ ಆಟದಲ್ಲೇ ಮಾರಿ, ದುಡ್ಡು ಕೈಗೆ ಬರಲಿ. ಡ್ರೈವರ್‌ಗಳಿಗೆ ಕೊಟ್ಟಿದ್ದ ಅಂಥದ್ದೇ ಬಸ್ಸಿದ್ರೆ ಅವನ್ನೂ ಬದಲಾಯಿಸಿ. ಮ್ಯಾಪ್ ಮೋಡ್ ತೆಗೆಯೋದಾದ್ರೆ ಮೂಲ ಆಟದಲ್ಲಿರೋ ಊರಿನ ಗ್ಯಾರೇಜಿಗೆ ಬಂದು ನಿಲ್ಲಿಸಿ. ಆಮೇಲೆ ಹೊಸ ಹೆಸರಿನಲ್ಲಿ ಕೈಯಾರೆ ಸೇವ್ ಮಾಡಿ, ಮೋಡ್ ಆಫ್ ಮಾಡಿ. ಡಿಲೀಟ್ ಬೇಡ, ಆಫ್ ಸಾಕು.

ಅಪ್‌ಡೇಟ್ ಬಂದ ಮಾರನೇ ದಿನ

ನಾವು ಏನೂ ಮುಟ್ಟಿಲ್ಲ, ನಿನ್ನೆ ಓಡ್ತಿತ್ತು, ಇವತ್ತು ಇಲ್ಲ ಅನ್ನೋರಿಗೆ ಉತ್ತರ ಬಹುತೇಕ ಅಪ್‌ಡೇಟ್. 1.49, 1.50 ಅಂತ ಆಟದ ಹೊಸ ಆವೃತ್ತಿ ಬಂದಾಗ ಹಳೇ ಮೋಡ್‌ಗಳು ಎಡವುತ್ತವೆ. ಹೊಂದದ ಮೋಡನ್ನ ಆಟ ಗುರುತು ಹಾಕಿ ತೋರಿಸುತ್ತೆ, ಆದ್ರೆ ಮಾಡಿದವರು ತಮ್ಮ ಮೋಡ್ ಯಾವ ಆವೃತ್ತಿಗೆ ಅಂತ ಬರೆದಿದ್ರೆ ಮಾತ್ರ. ಸ್ಟೀಮ್ ವರ್ಕ್‌ಶಾಪ್‌ನಿಂದ ತಂದ ಮೋಡ್ ಆದ್ರೆ ನಿಮ್ಮನ್ನ ಕೇಳದೆ ಅದೇ ಅಪ್‌ಡೇಟ್ ಆಗಿರುತ್ತೆ.

ಇಲ್ಲೊಂದು ದಾರಿ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ಸ್ಟೀಮ್‌ನಲ್ಲಿ ಆಟದ ಪ್ರಾಪರ್ಟೀಸ್‌ಗೆ ಹೋಗಿ ಬೀಟಾಸ್ ಅನ್ನೋದು ನೋಡಿದ್ರೆ ಹಳೇ ಆವೃತ್ತಿಗಳ ಪಟ್ಟಿ ಸಿಗುತ್ತೆ. ಬೇಕಾದ್ದು ಆರಿಸಿದ್ರೆ ಆಟ ಹಿಂದಕ್ಕೆ ಹೋಗುತ್ತೆ. ಆದ್ರೆ ಹೊಸ ಆವೃತ್ತಿಯಲ್ಲಿ ಮಾಡಿದ ಸೇವ್ ಹಳೇದರಲ್ಲಿ ಓಪನ್ ಆಗುತ್ತೆ ಅಂತ ನಂಬ್ಕೊಂಡು ಕೂರಬೇಡಿ. ಅಪ್‌ಡೇಟ್ ಆದ ಮೇಲೆ ಒಂದು ಟ್ರಿಪ್ ಹೊಡೆದಿದ್ರೂ ಆ ಸೇವ್ ಹೊಸದರದ್ದು. ಅದಕ್ಕೇ ಅಪ್‌ಡೇಟ್‌ಗೆ ಮುಂಚಿನ ಕಾಪಿ ಬೇಕು ಅನ್ನೋದು. ಇಟ್ಟಿಲ್ಲ ಅಂದ್ರೆ ಡಾಕ್ಯುಮೆಂಟ್ಸ್‌ನ ಆಟದ ಫೋಲ್ಡರ್‌ನಲ್ಲಿ ಪ್ರೊಫೈಲ್ಸ್ ಹೆಸರಿನ ಮುಂದೆ ಆವೃತ್ತಿ ನಂಬರ್ ಇರೋ, ಬಿಎಕೆ ಅಂತ ಕೊನೆಯಾಗೋ ಫೋಲ್ಡರ್ ಇದ್ಯಾ ಹುಡುಕಿ. ಆಟವೇ ತೆಗೆದಿಟ್ಟ ಹಳೇ ಕಾಪಿ ಅದು.

ನಮ್ಮ ಕಡೆ ಇನ್ನೊಂದು ಕಾರಣ ಹೇಳಲೇಬೇಕು, ಕರೆಂಟು. ಸೇವ್ ಬರೀತಿರೋ ಹೊತ್ತಿಗೆ ಕರೆಂಟ್ ಹೋಗಿ ಡೆಸ್ಕ್‌ಟಾಪ್ ಆಫ್ ಆದ್ರೆ ಫೈಲ್ ಅರ್ಧಂಬರ್ಧ ಆಗ್ಬಹುದು. ಒಂದೇ ಸೇವ್ ಮೇಲೆ ಮತ್ತೆ ಮತ್ತೆ ಬರೀಬೇಡಿ, ಮೂರ್ನಾಲ್ಕು ಬೇರೆ ಬೇರೆ ಇಟ್ಕೊಳ್ಳಿ. ಮೋಡ್ ಡೌನ್‌ಲೋಡ್ ಮಾಡೋವಾಗ ಎಸ್‌ಸಿಎಸ್ ಅಥವಾ ಜಿಪ್ ಫೈಲ್ ಬರಬೇಕು. ಬಸ್ ಮೋಡ್ ಅಂತ ಹೇಳಿ ಇಎಕ್ಸ್‌ಇ ಫೈಲ್ ಕೊಟ್ಟರೆ ಕ್ಲಿಕ್ ಮಾಡ್ಬೇಡಿ. ಅಂಥದ್ದರಿಂದ ಗೇಮ್ ಒಂದೇ ಅಲ್ಲ, ಅಪ್ಪನ ಬ್ಯಾಂಕ್ ಪಾಸ್‌ವರ್ಡೂ ಹೋಗ್ಬಹುದು.

ಆ ಹುಡುಗನ ಕಥೆ ಏನಾಯ್ತು ಅಂತ ಕೇಳ್ತೀರಿ. ಅವನ ಆಟೋಸೇವ್‌ಗಳೆಲ್ಲ ಬಸ್ಸಿಲ್ಲದ ಲೆಕ್ಕಗಳೇ ಆಗಿದ್ದವು. ಆದ್ರೆ ಸೇವ್ ಫೋಲ್ಡರ್‌ನಲ್ಲಿ ಮೂರು ವಾರ ಹಿಂದೆ ಕೈಯಾರೆ ಮಾಡಿದ್ದ ಒಂದು ಸೇವ್ ಉಳಿದಿತ್ತು. ಡಿಲೀಟ್ ಆಗಿದ್ದ ಮೋಡ್‌ಗಳು ರಿಸೈಕಲ್ ಬಿನ್‌ನಲ್ಲೇ ಇದ್ದವು, ಪುಣ್ಯಕ್ಕೆ. ಐದನೇ ಪ್ರಯತ್ನಕ್ಕೆ ಸಿಕ್ಕಿಬಿದ್ದದ್ದು ಒಂದು ಟ್ರಾಫಿಕ್ ಪ್ಯಾಕ್. ಒಂಬತ್ತರಲ್ಲಿ ಎಂಟು ಗ್ಯಾರೇಜ್ ವಾಪಸ್ ಬಂದವು. ಒಂಬತ್ತನೆಯದನ್ನ ಈ ರಜೆ ಮುಗಿಯೋದರೊಳಗೆ ಮತ್ತೆ ಕಟ್ತೀನಿ ಅಂದಿದ್ದಾನೆ, ಈ ಸಲ ಪೆನ್‌ಡ್ರೈವ್ ಜೇಬಲ್ಲಿಟ್ಕೊಂಡು.