ಹೊಳೆಬಾಗಿಲಿನ ಕಡವು: ಮುಳುಗಿದ ಕಾಡಿನ ಮೇಲೊಂದು ದಾರಿ

ಶಿವಮೊಗ್ಗ ಜಿಲ್ಲೆಯ ಸಾಗರ ತಾಲೂಕಿನಲ್ಲಿ ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವೆ ಹರಡಿಕೊಂಡಿರುವ ಶರಾವತಿಯ ಹಿನ್ನೀರು, ಹೊಳೆಬಾಗಿಲಿನ ಕಡವು ಎಂದು ಸುತ್ತಲ ಸೀಮೆಯಲ್ಲಿ ಹೆಸರಾಗಿದ್ದು, ಸಿಗಂದೂರಿನ ಚೌಡೇಶ್ವರಿ ದೇವಸ್ಥಾನಕ್ಕೆ ಹೋಗುವ ಭಕ್ತರೂ ತುಮರಿ ಕಡೆಯ ಊರುಗಳ ನಿವಾಸಿಗಳೂ ದಶಕಗಳ ಕಾಲ ನೀರನ್ನು ದಾಟಿದ್ದು ಇಲ್ಲಿಯೇ. ಪತ್ರಿಕೆಗಳು ತುಮರಿಯ ಭಾಗವನ್ನು ದ್ವೀಪವೆಂದು ಬರೆಯುವುದು ವಾಡಿಕೆಯಾದರೂ, ಮೂರು ಕಡೆ ನೀರು, ಉಳಿದೊಂದು ಕಡೆ ಘಟ್ಟದ ಕಾಡು ಇರುವುದರಿಂದ ಅದು ವಾಸ್ತವವಾಗಿ ಪರ್ಯಾಯ ದ್ವೀಪ. ಕಾರ್ಗಲ್ಲು, ಕೋಗಾರಿನ ಮೂಲಕ ಸುತ್ತಿ ಬರುವ ನೆಲದ ದಾರಿಯೊಂದೂ ಇತ್ತು. ಆದರೆ ಹೆರಿಗೆಯ ನೋವಿನಲ್ಲಿರುವವಳಿಗಾಗಲಿ ಹಾವು ಕಚ್ಚಿದವನಿಗಾಗಲಿ ಆ ಸುತ್ತುದಾರಿಯಿಂದ ಆಗುತ್ತಿದ್ದ ಪ್ರಯೋಜನ ಅಷ್ಟಕ್ಕಷ್ಟೆ.

ಈ ಜಲರಾಶಿ ಪ್ರಕೃತಿ ನಿರ್ಮಿಸಿದ ಸರೋವರವಲ್ಲ. ಜೋಗದ ಮೇಲ್ಭಾಗದಲ್ಲಿ ಮೊದಲು ಹಿರೇಭಾಸ್ಕರ ಅಣೆಕಟ್ಟು 1948ರ ಹೊತ್ತಿಗೆ ಸಿದ್ಧವಾಯಿತು. ಅದನ್ನೂ ನುಂಗಿಕೊಂಡು 1964ರಲ್ಲಿ ಲಿಂಗನಮಕ್ಕಿ ಜಲಾಶಯ ತಲೆಯೆತ್ತಿತು. ಸಮುದ್ರ ಮಟ್ಟದಿಂದ 1819 ಅಡಿ ಎತ್ತರದವರೆಗೆ ನೀರು ನಿಲ್ಲಬಲ್ಲ, ಸುಮಾರು 151 ಟಿಎಂಸಿ, ಅಂದರೆ 15,100 ಕೋಟಿ ಘನ ಅಡಿ ನೀರನ್ನು ಹಿಡಿಯಬಲ್ಲ ಈ ಜಲಾಶಯಕ್ಕಾಗಿ ಗದ್ದೆ, ತೋಟ, ಮನೆ, ದೇವಸ್ಥಾನಗಳನ್ನು ಕಳೆದುಕೊಂಡ ಕುಟುಂಬಗಳಲ್ಲಿ ಕೆಲವು ದೂರದ ಊರುಗಳಿಗೆ ಹೋದವು, ಕೆಲವು ಏರಿದ ನೀರಿನ ಅಂಚಿನಲ್ಲೇ ಮೇಲಿನ ಗುಡ್ಡಗಳಿಗೆ ಸರಿದು ನಿಂತವು. ನಾ. ಡಿಸೋಜ ಅವರ ‘ಮುಳುಗಡೆ’ ಮತ್ತು ‘ದ್ವೀಪ’ ಕೃತಿಗಳಿಗೆ ವಸ್ತುವಾದದ್ದು ಈ ಬದುಕೇ. ಹಾಗೆ ಉಳಿದವರಿಗೆ ಸಂತೆ, ಆಸ್ಪತ್ರೆ, ಕಾಲೇಜುಗಳೆಲ್ಲ ಆಚೆ ದಡಕ್ಕೆ ಸೇರಿದವು.

ಕಡವಿನ ಅಪಾಯವನ್ನು ಅರಿಯಬೇಕಾದರೆ ಮೊದಲು ಜಲಾಶಯದ ಆಕಾರವನ್ನು ಗಮನಿಸಬೇಕು. ಅಲೆಯ ಎತ್ತರವನ್ನು ನಿರ್ಧರಿಸುವುದು ಗಾಳಿಯ ವೇಗ ಮತ್ತು ಅದು ಬೀಸುವ ಅವಧಿ ಮಾತ್ರವಲ್ಲ; ತಡೆಯಿಲ್ಲದ ನೀರಿನ ಮೇಲೆ ಗಾಳಿ ಎಷ್ಟು ದೂರ ಓಡಿ ಬಂದಿದೆ ಎಂಬುದೂ ಅಷ್ಟೇ ಮುಖ್ಯ. ದಾಟಬೇಕಾದ ಅಗಲ ಎರಡು ಕಿಲೋಮೀಟರಿನ ಆಸುಪಾಸು ಎಂದು ಹೊಸಬರು ಧೈರ್ಯ ತಂದುಕೊಳ್ಳಬಹುದು. ಆದರೆ ಮುಳುಗಿದ ಕಣಿವೆಯ ಉದ್ದಕ್ಕೂ ಗಾಳಿ ಬೀಸಿದಾಗ ಅದಕ್ಕೆ ಸಿಗುವ ಓಟ ಈ ಅಗಲಕ್ಕಿಂತ ಬಹಳ ಹೆಚ್ಚು, ಮತ್ತು ಆ ಗಾಳಿ ಎಬ್ಬಿಸಿದ ಅಲೆ ಅಡ್ಡಲಾಗಿ ಹೋಗುವ ದೋಣಿಯ ಮಗ್ಗುಲಿಗೆ ಬಡಿಯುತ್ತದೆ. ಸಮುದ್ರದ ಅಲೆಗಳು ಒಂದಕ್ಕೊಂದು ದೂರವಿದ್ದು ದೋಣಿಯನ್ನು ಎತ್ತಿ ಇಳಿಸುತ್ತವೆ. ಹಿನ್ನೀರಿನ ಅಲೆಗಳು ಗಿಡ್ಡವಾದರೂ ಕಡಿದಾಗಿ, ಒತ್ತೊತ್ತಾಗಿ ಬರುವುದರಿಂದ ಒಂದರಿಂದ ಚೇತರಿಸಿಕೊಳ್ಳುವ ಮೊದಲೇ ಇನ್ನೊಂದು ಅಂಚನ್ನು ಹಾರಿ ಒಳಗೆ ನುಗ್ಗುತ್ತದೆ. ಆದ್ದರಿಂದ ಇಂಥ ನೀರಿನಲ್ಲಿ ಸಣ್ಣ ದೋಣಿಯನ್ನು ನೇರವಾಗಿ ಗುರಿಯತ್ತ ನಡೆಸದೆ, ಮೂತಿಯನ್ನು ಅಲೆಗೆ ಓರೆಯಾಗಿ ಕೊಟ್ಟು ಗಾಳಿ ಬರುವ ದಿಕ್ಕಿಗೆ ಒಂದಿಷ್ಟು ಮೇಲೆ ಹೋಗಿ, ಅಲ್ಲಿಂದ ಆಚೆ ದಡಕ್ಕೆ ತೇಲುತ್ತ ಇಳಿಯುವುದು ಕ್ಷೇಮ. ದಾರಿ ಉದ್ದವಾಗುತ್ತದೆ, ರಟ್ಟೆಗೆ ಶ್ರಮ ಹೆಚ್ಚುತ್ತದೆ, ಆದರೆ ದೋಣಿ ಮಗುಚುವ ಸಂಭವ ಕಡಿಮೆ.

ಗಾಳಿಯ ಜೊತೆಗೆ ಇನ್ನೊಂದು ಅಪಾಯ ನೀರಿನೊಳಗಿದೆ. ಕಣಿವೆಯ ಮರಗಳನ್ನೆಲ್ಲ ಕಡಿದು ತೆಗೆಯದೆಯೇ ನೀರು ನಿಲ್ಲಿಸಿದ್ದರಿಂದ ಒಣಗಿದ ಕಾಂಡಗಳೂ ಬುಡಗಳೂ ಇಂದಿಗೂ ತಳದಲ್ಲಿ ನಿಂತಿವೆ. ಬೇಸಿಗೆಯಲ್ಲಿ ನೀರು ಇಳಿದಾಗ ಅವು ಬಯಲಾಗುತ್ತವೆ, ದೂರದಲ್ಲಿ ಹಿರೇಭಾಸ್ಕರ ಅಣೆಕಟ್ಟೂ ಮೇಲೆದ್ದು ಕಾಣುತ್ತದೆ. ಮುಂಗಾರು ಹಿಡಿದಾಗ ನೀರಿನ ಮಟ್ಟ ದಿನಕ್ಕೆ ಅಡಿಗಟ್ಟಲೆ ಏರುವುದುಂಟು, ಆಗ ನಿನ್ನೆ ಕಂಡ ಬುಡ ಇಂದು ಕೆಂಪು ನೀರಿನ ಕೆಳಗೆ ಗೇಣುದ್ದದಲ್ಲಿ ಅಡಗಿರುತ್ತದೆ. ಗಾಳಿ ಅತಿ ಬಿರುಸಾಗಿರುವ ದಿನಗಳೂ ಮರದ ಬುಡಗಳು ಕಣ್ಣಿಗೆ ಬೀಳದ ದಿನಗಳೂ ಒಂದೇ ಎಂಬುದು ಈ ಕಡವಿನ ಮುಖ್ಯ ತೊಡಕು.

ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆಯ ಲಾಂಚುಗಳು, ಅಂದರೆ ಬಸ್ಸು ಕಾರುಗಳನ್ನೂ ಹೊರಬಲ್ಲ ಚಪ್ಪಟೆ ತಳದ ಯಂತ್ರದೋಣಿಗಳು, ಈ ಪ್ರಯಾಣವನ್ನು ಬಹುಮಟ್ಟಿಗೆ ಸುರಕ್ಷಿತಗೊಳಿಸಿದವು. ಆದರೂ ಗಾಳಿ ಜೋರಾದಾಗ ಅವು ದಡದಲ್ಲೇ ನಿಲ್ಲಬೇಕಾಗುತ್ತಿತ್ತು, ಬೇಸಿಗೆಯಲ್ಲಿ ನೀರು ತೀರ ಇಳಿದಾಗ ವಾಹನ ಹತ್ತಿಸಲು ಆಗುತ್ತಿರಲಿಲ್ಲ, ರಾತ್ರಿಯ ಸಂಚಾರವಂತೂ ಇರಲಿಲ್ಲ. ಲಾಂಚು ನಿಂತ ಹೊತ್ತಿನಲ್ಲಿ ತುರ್ತು ಇದ್ದವರು ಸಣ್ಣ ದೋಣಿಯನ್ನೋ ತೆಪ್ಪವನ್ನೋ ನಂಬುತ್ತಿದ್ದರು. ಲಾಂಚಿಗೇ ತಕ್ಕುದಲ್ಲವೆಂದು ಬಿಟ್ಟ ನೀರಿಗೆ ಅದಕ್ಕಿಂತ ದುರ್ಬಲವಾದ ತೆಪ್ಪ ಇಳಿಯುತ್ತಿತ್ತು ಎಂಬ ಈ ವಿಪರ್ಯಾಸವನ್ನು ಜನರ ಅವಿವೇಕವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಅವರಿಗೆ ಬೇರೆ ಆಯ್ಕೆಯನ್ನು ಉಳಿಸಿರಲಿಲ್ಲ.

2018ರಲ್ಲಿ ಶಂಕುಸ್ಥಾಪನೆಗೊಂಡ, ಎರಡು ಕಿಲೋಮೀಟರಿಗೂ ಮಿಕ್ಕಿ ಉದ್ದವಿರುವ ಕೇಬಲ್ ಸೇತುವೆ ಇದೇ ಕಡವಿನಲ್ಲಿ 2025ರ ಜುಲೈ 14ರಂದು ಸಂಚಾರಕ್ಕೆ ತೆರೆದುಕೊಂಡಿತು. ಕಣಿವೆ ಮುಳುಗಿದ ಆರು ದಶಕಗಳ ನಂತರ ಬಂದದ್ದರಿಂದ, ಮುಳುಗಡೆಯನ್ನು ಕಣ್ಣಾರೆ ಕಂಡ ತಲೆಮಾರಿನ ಬಹುಪಾಲು ಜನರಿಗೆ ಅದು ದಕ್ಕಲೇ ಇಲ್ಲ. ಹಿನ್ನೀರಿನಲ್ಲಿ ಮೀನು ಹಿಡಿದು ಬದುಕುವವರ ಸ್ಥಿತಿ ಬೇರೆ: ಅವರ ಕೆಲಸವಿರುವುದು ಆಚೆ ದಡದಲ್ಲಲ್ಲ, ನೀರಿನ ನಡುವೆ, ಮೀನು ಸೇರುವ ಅದೇ ಮರದ ಬುಡಗಳ ಆಸುಪಾಸಿನಲ್ಲಿ. ಬಿಟ್ಟ ಬಲೆಯನ್ನು ಎತ್ತಲು ಅವರು ಆಷಾಢದ ಗಾಳಿಯಲ್ಲೂ ತೆಪ್ಪ ಇಳಿಸಬೇಕು.