ಕಫದ ಕೆಮ್ಮು: ಕಾರಣ, ಮನೆಮದ್ದು ಮತ್ತು ಮನೆಮದ್ದಿನ ಮಿತಿ



ಮಳೆಗಾಲ ಹಿಂದೆ ಸರಿದು ಅಡಿಕೆ ಕೊಯ್ಲು ಆರಂಭವಾಗುವ ಹೊತ್ತಿಗೆ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಊರುಗಳಲ್ಲಿ ಕೆಮ್ಮಿನವರ ಸಂಖ್ಯೆ ಹೆಚ್ಚುತ್ತದೆ. ಬೆಳಗಿನ ಇಬ್ಬನಿ, ಅಡಿಕೆ ಬೇಯಿಸುವ ಒಲೆಯ ಹೊಗೆ, ಮೆಕ್ಕೆಜೋಳ ಹಾಗೂ ಭತ್ತದ ಒಕ್ಕಣೆಯ ಧೂಳು ಇವೆಲ್ಲವೂ ಒಂದೇ ಕಾಲದಲ್ಲಿ ಕೂಡಿಬರುತ್ತವೆ. ಈ ದಿನಗಳಲ್ಲಿ ನಮ್ಮ ಬಳಿಗೆ ಬರುವವರಲ್ಲಿ ಬಹುಪಾಲು ಜನರು ಕೇಳುವುದು ಒಂದೇ ಮಾತು: "ಕೆಮ್ಮು ನಿಲ್ಲುವುದಕ್ಕೆ ಏನಾದರೂ ಕೊಡಿ." ಕಫದ ಕೆಮ್ಮಿನ ವಿಷಯದಲ್ಲಿ ಈ ಬೇಡಿಕೆಯನ್ನು ಸ್ವಲ್ಪ ತಿದ್ದಿಕೊಳ್ಳಬೇಕಾಗುತ್ತದೆ. ಇಲ್ಲಿ ನಿಲ್ಲಿಸಬೇಕಾದದ್ದು ಕೆಮ್ಮನ್ನಲ್ಲ, ಹೊರಹಾಕಬೇಕಾದದ್ದು ಕಫವನ್ನು. ಹಾಗೆಯೇ, ಎಷ್ಟು ದಿನ ಮನೆಯಲ್ಲಿ ಉಪಚರಿಸಬೇಕು, ಯಾವ ದಿನ ಆಸ್ಪತ್ರೆಯ ಹಾದಿ ಹಿಡಿಯಬೇಕು ಎಂಬ ಲೆಕ್ಕವೂ ಪ್ರತಿ ಮನೆಯವರಿಗೆ ತಿಳಿದಿರಬೇಕು.

ಕೆಮ್ಮು ಏಕೆ ಬರುತ್ತದೆ?

ನಮ್ಮ ಶ್ವಾಸನಾಳಗಳ ಒಳಮೈಯಲ್ಲಿ ತೆಳುವಾದ ಲೋಳೆಯೊಂದು ಸದಾ ಇರುತ್ತದೆ. ಉಸಿರಿನೊಡನೆ ಒಳಬಂದ ಧೂಳು, ಹೊಗೆಯ ಕಣ, ರೋಗಾಣುಗಳು ಅದಕ್ಕೆ ಅಂಟಿಕೊಳ್ಳುತ್ತವೆ. ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳು ಗಾಳಿಗೆ ತೂಗುವ ಭತ್ತದ ಪೈರಿನಂತೆ ಆಡುತ್ತಾ ಆ ಲೋಳೆಯನ್ನು ಮೇಲಕ್ಕೆ, ಗಂಟಲಿನ ಕಡೆಗೆ ಸಾಗಿಸುತ್ತವೆ. ಆರೋಗ್ಯವಂತರಲ್ಲಿ ಈ ಕೆಲಸ ಅರಿವಿಗೆ ಬಾರದಂತೆ ನಡೆದಿರುತ್ತದೆ. ಶೀತವಾದಾಗ ಲೋಳೆ ಹೆಚ್ಚುತ್ತದೆ, ಗಟ್ಟಿಯೂ ಆಗುತ್ತದೆ. ಬೀಡಿ ಮತ್ತು ಒಲೆಯ ಹೊಗೆಯಿಂದ ರೋಮಗಳ ಚಲನೆ ಕುಂದುತ್ತದೆ. ಆಗ ಉಳಿದಿರುವ ಉಪಾಯವೆಂದರೆ ಕೆಮ್ಮು. ಎದೆಯೊಳಗಿನ ಗಾಳಿ ರಭಸದಿಂದ ಹೊರನುಗ್ಗಿ ಕಫವನ್ನು ಎತ್ತಿ ಹಾಕುತ್ತದೆ.

ಆಯುರ್ವೇದವು ಇದನ್ನು ವಾಯುವಿನ ಭಾಷೆಯಲ್ಲಿ ಹೇಳಿದೆ. ಕೆಳಗೆ ತಡೆಯಲ್ಪಟ್ಟ ವಾಯು ಮೇಲ್ಮುಖವಾಗಿ, ಉದಾನ ಭಾವವನ್ನು ಹೊಂದಿ, ಎದೆ ಮತ್ತು ಗಂಟಲನ್ನು ತುಂಬಿ ಸದ್ದಿನೊಡನೆ ಹೊರಡುವುದೇ ಕಾಸ. ಚರಕಸಂಹಿತೆಯ ಚಿಕಿತ್ಸಾಸ್ಥಾನದ 18ನೆಯ ಅಧ್ಯಾಯ ಪೂರ್ಣವಾಗಿ ಕಾಸರೋಗಕ್ಕೇ ಮೀಸಲಾಗಿದೆ. ಅಲ್ಲಿ ವಾತಜ, ಪಿತ್ತಜ, ಕಫಜ, ಕ್ಷತಜ, ಕ್ಷಯಜ ಎಂದು ಐದು ಬಗೆಗಳನ್ನು ಹೇಳಿದೆ. ಕಫಜ ಕಾಸದಲ್ಲಿ ತಲೆ ಮತ್ತು ಮೈ ಭಾರ, ಹಸಿವಿಲ್ಲದಿರುವುದು, ಬಾಯಿ ಸಿಹಿಯಾಗುವುದು, ನೆಗಡಿ, ಎದೆ ತುಂಬಿದಂತಾಗುವುದು, ಗಟ್ಟಿಯಾದ ಅಂಟಂಟು ಕಫ ಬೀಳುವುದು ಲಕ್ಷಣಗಳು.

ಇನ್ನೊಂದು ವಿಷಯ ಗಮನಾರ್ಹ. ಶರೀರದ ಸಹಜ ವೇಗಗಳನ್ನು, ಅಂದರೆ ಮಲ, ಮೂತ್ರ, ಸೀನು, ಆಕಳಿಕೆ ಮುಂತಾದವನ್ನು ತಡೆಹಿಡಿಯಬಾರದೆಂಬುದು ನಮ್ಮ ಶಾಸ್ತ್ರದ ಮುಖ್ಯ ನಿಯಮ. ವಾಗ್ಭಟನ ಅಷ್ಟಾಂಗಹೃದಯದಲ್ಲಿ ಎಣಿಸಿರುವ 13 ವೇಗಗಳ ಪಟ್ಟಿಯಲ್ಲಿ ಕೆಮ್ಮೂ ಸೇರಿದೆ. ಕಫ ತುಂಬಿರುವಾಗ ಕೆಮ್ಮನ್ನು ಬಲವಂತವಾಗಿ ಅಡಗಿಸಿದರೆ ಕಫ ಒಳಗೇ ಉಳಿದು, ಉಸಿರಿಗೆ ತೊಡಕಾಗಿ, ಸೋಂಕು ಬೆಳೆಯಲು ಎಡೆ ಸಿಗುತ್ತದೆ. ಒಣ ಕೆಮ್ಮಿಗೆಂದು ತಂದಿಟ್ಟ ಸಿರಪ್ಪನ್ನು ಕಫದ ಕೆಮ್ಮಿಗೂ ಕುಡಿಸುವ ರೂಢಿ ಹಲವು ಮನೆಗಳಲ್ಲಿದೆ, ಅದನ್ನು ಬಿಡಬೇಕು.

ಕಫ ಹೆಚ್ಚಲು ಕಾರಣಗಳು

ಎಲ್ಲಕ್ಕಿಂತ ಸಾಮಾನ್ಯವಾದದ್ದು ವೈರಾಣುಗಳಿಂದ ಬರುವ ಶೀತ. ನೆಗಡಿ ಮೂರು ನಾಲ್ಕು ದಿನಗಳಲ್ಲಿ ತಗ್ಗಿದರೂ ಕೆಮ್ಮು ಒಂದೆರಡು ವಾರ ಉಳಿಯುವುದುಂಟು. ಇದಕ್ಕೆ ಆಂಟಿಬಯೋಟಿಕ್ ಮಾತ್ರೆಗಳ ಅಗತ್ಯವಿರುವುದಿಲ್ಲ. ಕಫ ಹಳದಿಯಾಯಿತು ಎಂಬ ಒಂದೇ ಕಾರಣಕ್ಕೆ ಔಷಧದ ಅಂಗಡಿಯಿಂದ ತಾವಾಗಿ ಮಾತ್ರೆ ತಂದು ನುಂಗುವುದು ಸರಿಯಲ್ಲ. ಶರೀರದ ಬಿಳಿರಕ್ತಕಣಗಳು ರೋಗಾಣುಗಳೊಡನೆ ಹೋರಾಡಿದಾಗಲೂ ಕಫಕ್ಕೆ ಆ ಬಣ್ಣ ಬರುತ್ತದೆ.

ಎರಡನೆಯದು ಹೊಗೆ. ಬಚ್ಚಲ ಒಲೆ, ಅಡುಗೆಯ ಸೌದೆ ಒಲೆ, ಅಡಿಕೆ ಬೇಯಿಸುವ ದೊಡ್ಡ ಒಲೆ ಇವುಗಳ ಮುಂದೆ ಗಂಟೆಗಟ್ಟಲೆ ಕುಳಿತುಕೊಳ್ಳುವವರು ಹೆಚ್ಚಾಗಿ ಹೆಣ್ಣುಮಕ್ಕಳು. ಜೀವನದಲ್ಲಿ ಒಂದು ಬೀಡಿಯನ್ನೂ ಸೇದದ ತಾಯಂದಿರಲ್ಲಿಯೂ, ಬೀಡಿ ಸೇದುವವರಲ್ಲಿ ಕಾಣುವಂತಹ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಬರುತ್ತದೆ. ಪ್ರತಿ ವರ್ಷ ಮೂರು ತಿಂಗಳು ಕಫದ ಕೆಮ್ಮು, ಹೀಗೆ ಎರಡು ವರ್ಷ ಸತತವಾಗಿ ನಡೆದರೆ ಅದು ಋತುವಿನ ಶೀತವಲ್ಲ, ಶ್ವಾಸನಾಳಗಳ ದೀರ್ಘಕಾಲದ ಉರಿಯೂತ.

ಮೂರನೆಯದು ಧೂಳು ಮತ್ತು ಬೂಷ್ಟು. ಮಳೆಯಲ್ಲಿ ನೆನೆದು ಬೂಷ್ಟು ಹಿಡಿದ ಹುಲ್ಲು, ಒದ್ದೆಯಲ್ಲೇ ಚೀಲಕ್ಕೆ ತುಂಬಿದ ಕಾಳು ಇವನ್ನು ಕೆದಕುವಾಗ ಏಳುವ ಧೂಳು ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ಒಕ್ಕಣೆಯಾದ ಸಂಜೆಯೇ ಜ್ವರ, ಮೈಕೈ ನೋವು, ಉಸಿರು ಕಟ್ಟುವುದು, ಕೆಲಸ ಬಿಟ್ಟ ಎರಡು ದಿನಕ್ಕೆ ತಾನಾಗಿ ತಗ್ಗುವುದು, ಮತ್ತೆ ಕೆಲಸಕ್ಕೆ ಹೋದರೆ ಮರುಕಳಿಸುವುದು ಇದರ ಗುರುತು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವವರು ಸಹ ಮೂಗು, ಬಾಯಿ ಮುಚ್ಚಿಕೊಳ್ಳದೆ ಮರದ ಕೆಳಗೆ ನಿಲ್ಲಬಾರದು.

ಇವಲ್ಲದೆ ಅಸ್ತಮಾ, ಮೂಗಿನ ಹಿಂಭಾಗದಿಂದ ಗಂಟಲಿಗೆ ಇಳಿಯುವ ಸಿಂಬಳ, ಆಮ್ಲಪಿತ್ತ, ನ್ಯುಮೋನಿಯಾ, ಕ್ಷಯ, ಹೃದಯದ ದೌರ್ಬಲ್ಯ ಇವುಗಳಿಂದಲೂ ಕಫದ ಕೆಮ್ಮು ಬರುತ್ತದೆ. ಮಲಗಿದೊಡನೆ ಕೆಮ್ಮು, ಉಬ್ಬಸ ಹೆಚ್ಚಿ ಎದ್ದು ಕೂರಬೇಕಾಗುವ, ಕಾಲು ಊದಿಕೊಂಡ ಹಿರಿಯರಲ್ಲಿ ದೋಷ ಹೃದಯದಲ್ಲಿರುವ ಸಂಭವವಿದೆ. ಅವರಿಗೆ ಕಷಾಯ ಕುದಿಸುತ್ತಾ ಕೂರಬಾರದು.

ಮನೆಯಲ್ಲಿ ಮಾಡಬಹುದಾದ ಉಪಚಾರ

ಜ್ವರ ಹೆಚ್ಚಿಲ್ಲದ, ಉಸಿರಾಟ ಸರಾಗವಾಗಿರುವ, ಹೊಸದಾಗಿ ಬಂದ ಕೆಮ್ಮಿಗೆ ಕೆಳಗಿನವು ಸಾಕಾಗುತ್ತವೆ. ಎಲ್ಲವನ್ನೂ ಒಟ್ಟಿಗೆ ಮಾಡುವ ಅಗತ್ಯವಿಲ್ಲ. ಒಂದೆರಡನ್ನು ಆರಿಸಿಕೊಂಡರೆ ಸಾಕು.

1. ಬಿಸಿನೀರು: ದಿನವಿಡೀ ಸ್ವಲ್ಪ ಸ್ವಲ್ಪವಾಗಿ ಕುಡಿಯುವುದರಿಂದ ಕಫ ತೆಳುವಾಗಿ ಸುಲಭವಾಗಿ ಕಳಚಿಕೊಳ್ಳುತ್ತದೆ. ನೀರು ಕುಡಿಯುವುದಕ್ಕೆ ಮಿತಿ ಹೇಳಿಸಿಕೊಂಡಿರುವ ಹೃದಯ ಮತ್ತು ಮೂತ್ರಪಿಂಡದ ರೋಗಿಗಳು ಆ ಮಿತಿಯನ್ನು ಮೀರಬಾರದು.

2. ಶುಂಠಿ, ಕಾಳುಮೆಣಸು, ತುಳಸಿಯ ಕಷಾಯ: ಅರ್ಧ ಚಮಚ ಒಣಶುಂಠಿಯ ಪುಡಿ, ಜಜ್ಜಿದ ನಾಲ್ಕೈದು ಕಾಳುಮೆಣಸು, ಹತ್ತು ತುಳಸಿ ಎಲೆಗಳನ್ನು ಎರಡು ಲೋಟ ನೀರಿಗೆ ಹಾಕಿ ಅರ್ಧ ಲೋಟಕ್ಕೆ ಇಳಿಸಿ, ಸೋಸಿ, ಬೆಳಿಗ್ಗೆ ಮತ್ತು ಸಂಜೆ ಎರಡು ಪಾಲು ಮಾಡಿ ಕುಡಿಯಬೇಕು. ಹೊಟ್ಟೆಯುರಿ, ಹೊಟ್ಟೆಯ ಹುಣ್ಣು ಇರುವವರು ಮೆಣಸನ್ನು ಬಿಡಬೇಕು. ಕೆಮ್ಮು ಬೇಗ ಹೋಗಲೆಂದು ಮೆಣಸು, ಶುಂಠಿಯನ್ನು ದುಪ್ಪಟ್ಟು ಮಾಡಿದರೆ ಪಿತ್ತ ಕೆರಳುವುದೇ ಹೊರತು ಬೇರೆ ಲಾಭವಿಲ್ಲ.

3. ಆಡುಸೋಗೆ: ಬೇಲಿಗಳಲ್ಲಿ ಬೆಳೆಯುವ ಈ ಗಿಡವು ಕಾಸಕ್ಕೆ ಹೆಸರಾದ ವಾಸಾ. ಬಲಿತ ಮೂರು ನಾಲ್ಕು ಎಲೆಗಳನ್ನು ಆವಿಯಲ್ಲಿ ಬಾಡಿಸಿ, ಹಿಂಡಿದ ರಸ ಒಂದು ಚಮಚಕ್ಕೆ ಅಷ್ಟೇ ಜೇನು ಸೇರಿಸಿ ದೊಡ್ಡವರು ದಿನಕ್ಕೆ ಎರಡು ಬಾರಿ, ಐದರಿಂದ ಏಳು ದಿನ ಸೇವಿಸಬಹುದು. ಆಧುನಿಕ ವೈದ್ಯರು ಕಫ ಕರಗಿಸಲು ಬರೆಯುವ ಬ್ರೋಮ್‌ಹೆಕ್ಸಿನ್ ಎಂಬ ಔಷಧವು ಈ ಎಲೆಯಲ್ಲಿರುವ ವ್ಯಾಸಿಸಿನ್ ಅಂಶವನ್ನು ಆಧರಿಸಿ ರೂಪುಗೊಂಡದ್ದು. ಗರ್ಭಿಣಿಯರು ಆಡುಸೋಗೆಯನ್ನು ಸೇವಿಸಬಾರದು. ಅದು ಗರ್ಭಕೋಶವನ್ನು ಪ್ರಚೋದಿಸುತ್ತದೆ. ಹೆಸರಿನ ಹೋಲಿಕೆಯಿಂದ ಆಡುಮುಟ್ಟದ ಬಳ್ಳಿಯನ್ನು ಕಿತ್ತು ತರುವವರಿದ್ದಾರೆ. ಅದು ಬೇರೆಯೇ ಗಿಡ, ವಾಂತಿ ತರಿಸುತ್ತದೆ. ಗುರುತು ಬಲ್ಲವರಿಗೆ ತೋರಿಸಿಯೇ ಬಳಸಬೇಕು.

4. ದೊಡ್ಡಪತ್ರೆ: ಎರಡು ಎಲೆಗಳನ್ನು ಕೆಂಡದ ಮೇಲೆ ಬಾಡಿಸಿ ಹಿಂಡಿದ ಅರ್ಧ ಚಮಚ ರಸಕ್ಕೆ ಜೇನು ಬೆರೆಸಿ, ಎರಡು ವರ್ಷ ದಾಟಿದ ಮಕ್ಕಳಿಗೆ ದಿನಕ್ಕೊಮ್ಮೆ ಕೊಡಬಹುದು.

5. ಸಿತೋಪಲಾದಿ ಚೂರ್ಣ: ಅರ್ಧ ಚಮಚ ಚೂರ್ಣವನ್ನು ಜೇನಿನಲ್ಲಿ ಕಲಸಿ ದೊಡ್ಡವರು ದಿನಕ್ಕೆ ಎರಡು ಬಾರಿ ನೆಕ್ಕಬಹುದು. ಇದರ 31 ಭಾಗಗಳಲ್ಲಿ 16 ಭಾಗ ಕಲ್ಲುಸಕ್ಕರೆಯೇ ಇರುವುದರಿಂದ ಸಕ್ಕರೆ ಕಾಯಿಲೆಯವರಿಗೆ ಇದು ಯೋಗ್ಯವಲ್ಲ.

6. ಆವಿ ಮತ್ತು ಉಪ್ಪುನೀರು: ಮೂಗು ಕಟ್ಟಿದ್ದರೆ ಐದು ನಿಮಿಷ ಆವಿ ತೆಗೆದುಕೊಳ್ಳುವುದು ಹಿತ. ಕುದಿಯುವ ಪಾತ್ರೆಯ ಮುಂದೆ ಚಿಕ್ಕ ಮಕ್ಕಳನ್ನು ಕೂರಿಸಬಾರದು. ಪಾತ್ರೆ ಮಗುಚಿ ಮೈ ಸುಟ್ಟುಕೊಳ್ಳುವ ಅಪಾಯ ದೊಡ್ಡದು. ಗಂಟಲ ಕೆರೆತಕ್ಕೆ ಉಗುರುಬೆಚ್ಚಗಿನ ಉಪ್ಪುನೀರಿನಿಂದ ಬಾಯಿ ಮುಕ್ಕಳಿಸಬೇಕು.

ಜೇನನ್ನು ಕುದಿಯುವ ಕಷಾಯಕ್ಕೆ ಹಾಕದೆ, ಆರಿದ ಮೇಲೆ ಬೆರೆಸಬೇಕು. ಒಂದು ವರ್ಷ ತುಂಬದ ಮಗುವಿಗೆ ಜೇನನ್ನು ನಾಲಿಗೆಗೆ ಸವರುವುದೂ ಬೇಡ. ಅದರಲ್ಲಿ ಕೆಲವೊಮ್ಮೆ ಇರುವ ರೋಗಾಣುಬೀಜಗಳು ಕೂಸಿನ ಕರುಳಿನಲ್ಲಿ ಬೆಳೆದು ನರಗಳನ್ನು ನಿಶ್ಶಕ್ತಗೊಳಿಸಬಲ್ಲವು.

ಪಥ್ಯ

ಕಫ ಇರುವಾಗ ಅಗ್ನಿ ಮಂದವಾಗಿರುತ್ತದೆ. ಆದ್ದರಿಂದ ಬಿಸಿಯಾದ, ಹಗುರವಾದ ಆಹಾರವೇ ಮೇಲು. ಹುರುಳಿ ಕಟ್ಟಿನ ಸಾರು, ಮೆಣಸಿನ ಸಾರು, ಬಿಸಿ ಗಂಜಿ, ಹೆಸರುಬೇಳೆಯ ತೊವ್ವೆ ಒಳ್ಳೆಯವು. ರಾತ್ರಿ ಮೊಸರು, ಬಾಳೆಹಣ್ಣು, ಕರಿದ ತಿಂಡಿ, ಹಗಲುನಿದ್ರೆ ಬೇಡ. ಹಾಲು ಬೇಕೇ ಬೇಕೆನ್ನುವವರು ಅರ್ಧದಷ್ಟು ನೀರು, ಚಿಟಿಕೆ ಅರಿಶಿನ, ಶುಂಠಿ ಹಾಕಿ ಕುದಿಸಿ ಹಗಲಿನಲ್ಲಿ ಕುಡಿಯಲಿ. ಎಲ್ಲಕ್ಕಿಂತ ಮೊದಲು ಬೀಡಿ ಮತ್ತು ನಶ್ಯ ನಿಲ್ಲಬೇಕು. ಒಂದು ಕೈಯಲ್ಲಿ ಕಷಾಯ, ಇನ್ನೊಂದು ಕೈಯಲ್ಲಿ ಬೀಡಿ ಹಿಡಿದವರಿಗೆ ಯಾವ ವೈದ್ಯನೂ ಗುಣ ಕೊಡಲಾರ.

ಒಲೆಯ ವಿಷಯದಲ್ಲೂ ಪಥ್ಯವಿದೆ. ಅಡಿಕೆ ಬೇಯಿಸುವ ಒಲೆಯನ್ನು ಮನೆಯ ಬಾಗಿಲಿನಿಂದ ದೂರ, ಗಾಳಿ ಹೊರಕ್ಕೆ ಹೋಗುವ ದಿಕ್ಕಿನಲ್ಲಿ ಹೂಡಬೇಕು. ಹಸಿ ಸೌದೆ ಬಳಸಬಾರದು. ಒಕ್ಕಣೆಗೆ ನಿಲ್ಲುವಾಗ ಮೂಗು, ಬಾಯಿಗೆ ಮಾಸ್ಕ್ ಅಥವಾ ಎರಡು ಮಡಿಕೆಯ ಬಟ್ಟೆ ಕಟ್ಟಿಕೊಳ್ಳಬೇಕು.

ಮಕ್ಕಳ ಉಸಿರನ್ನು ಎಣಿಸಿ

ಕೆಮ್ಮುವ ಮಗುವಿಗೆ ನ್ಯುಮೋನಿಯಾ ಇದೆಯೇ ಎಂದು ತಿಳಿಯಲು ತಾಯಂದಿರ ಬಳಿ ಒಂದು ಸುಲಭ ಪರೀಕ್ಷೆಯಿದೆ. ಮಗು ಅಳದೆ ಶಾಂತವಾಗಿರುವಾಗ ಗಡಿಯಾರ ನೋಡಿ ಪೂರ್ತಿ ಒಂದು ನಿಮಿಷ ಹೊಟ್ಟೆಯ ಏರಿಳಿತವನ್ನು ಎಣಿಸಬೇಕು. ಎರಡು ತಿಂಗಳೊಳಗಿನ ಕೂಸಿನಲ್ಲಿ 60, ಎರಡರಿಂದ ಹನ್ನೆರಡು ತಿಂಗಳೊಳಗೆ 50, ಒಂದರಿಂದ ಐದು ವರ್ಷದೊಳಗೆ 40, ಅಥವಾ ಇದಕ್ಕಿಂತ ಹೆಚ್ಚು ಉಸಿರು ಕಂಡುಬಂದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಉಸಿರೆಳೆದಾಗ ಪಕ್ಕೆ ಒಳಸೇರುವುದು, ಹಾಲು ಬಿಡುವುದು, ತುಟಿ ನೀಲಿಯಾಗುವುದು, ಮಗು ಮಂಕಾಗುವುದು ಕಂಡರೆ ಎಣಿಸುತ್ತಾ ಕೂರದೆ 108ಕ್ಕೆ ಕರೆ ಮಾಡಬೇಕು.

ಮನೆಮದ್ದನ್ನು ನಿಲ್ಲಿಸಬೇಕಾದ ದಿನ

ಎರಡು ವಾರ. ಈ ಅವಧಿಯನ್ನು ದಯವಿಟ್ಟು ನೆನಪಿಡಬೇಕು. ಕೆಮ್ಮು ಎರಡು ವಾರ ದಾಟಿದರೆ ಕಷಾಯ ಎಷ್ಟೇ ಒಳ್ಳೆಯದಾಗಿರಲಿ, ಕಫ ಪರೀಕ್ಷೆ ಆಗಲೇಬೇಕು. ಸಂಜೆಯ ಸಣ್ಣ ಜ್ವರ, ರಾತ್ರಿಯ ಬೆವರು, ತೂಕ ಇಳಿಯುವುದು, ಹಸಿವು ಕುಂದುವುದು ಜೊತೆಗಿದ್ದರೆ ಸಂಶಯ ಇನ್ನೂ ಹೆಚ್ಚು. ಕಫದಲ್ಲಿ ರಕ್ತ ಕಂಡರೆ ಎರಡು ವಾರವೂ ಕಾಯುವಂತಿಲ್ಲ. ಚರಕರು ಕ್ಷಯಜ ಕಾಸವನ್ನು ಕಫಜ ಕಾಸದಿಂದ ಬೇರ್ಪಡಿಸಿ ಹೇಳಿದ್ದು ಇದಕ್ಕಾಗಿಯೇ: ಎರಡರಲ್ಲೂ ಕಫ ಬೀಳುತ್ತದೆ, ಆದರೆ ಒಂದರಲ್ಲಿ ಶರೀರವೇ ಕರಗುತ್ತಾ ಹೋಗುತ್ತದೆ. 1882ರಲ್ಲಿ ರಾಬರ್ಟ್ ಕಾಕ್ ಕ್ಷಯದ ರೋಗಾಣುವನ್ನು ಕಂಡುಹಿಡಿದ ಮೇಲೆ ಅದಕ್ಕೆ ನೇರವಾದ ಔಷಧಗಳು ಬರಲು ದಾರಿಯಾಯಿತು. ಆಯುರ್ವೇದ ವೈದ್ಯರಾದ ನಾವೂ ಇಂಥವರನ್ನು ಮೊದಲು ಕಫ ಪರೀಕ್ಷೆಗೇ ಕಳುಹಿಸುತ್ತೇವೆ.

ಕ್ಷಯದ ಪರೀಕ್ಷೆ ಮತ್ತು ಔಷಧ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಸಾಮಾನ್ಯ ಕ್ಷಯಕ್ಕೆ ಚಿಕಿತ್ಸೆ ಆರು ತಿಂಗಳು. ಚಿಕಿತ್ಸೆಯ ಅವಧಿಯಲ್ಲಿ ಪೌಷ್ಟಿಕ ಆಹಾರಕ್ಕೆಂದು ನಿಕ್ಷಯ್ ಪೋಷಣ್ ಯೋಜನೆಯಡಿ ತಿಂಗಳಿಗೆ 500 ರೂಪಾಯಿ ದೊರೆಯುತ್ತಿತ್ತು; 2024ರ ನವೆಂಬರ್‌ನಿಂದ ಅದು 1000 ರೂಪಾಯಿಯಾಗಿದೆ. ಪರೀಕ್ಷೆಗೆ ಕೊಡಬೇಕಾದದ್ದು ಬಾಯಿಯ ಉಗುಳನ್ನಲ್ಲ. ಬೆಳಿಗ್ಗೆ ಎದ್ದ ಕೂಡಲೇ ಆಳವಾಗಿ ಕೆಮ್ಮಿ ಎದೆಯಿಂದ ತೆಗೆದ ಕಫವನ್ನು.

ಆದರೂ ಜನರು ತಡಮಾಡುತ್ತಾರೆ. ಹಣವಿಲ್ಲದೆ ಅಲ್ಲ, ನಾಚಿಕೆಯಿಂದ. ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದಾಳೆ, ಊರಿಗೆ ತಿಳಿದರೆ ಸಂಬಂಧ ಬರುವುದಿಲ್ಲ ಎಂದು ಕೆಮ್ಮನ್ನು "ಶೀತ, ಹೊಗೆ ಕುಡಿದದ್ದು" ಎಂದು ಹೇಳಿ ತಿಂಗಳುಗಟ್ಟಲೆ ಮುಚ್ಚಿಡುತ್ತಾರೆ. ಹೀಗೆ ಮುಚ್ಚಿಟ್ಟ ಮನೆಯಲ್ಲಿ ರೋಗ ಮೊದಲು ಹರಡುವುದು ಅದೇ ಮಗಳಿಗೆ, ಅದೇ ಮನೆಯ ಮೊಮ್ಮಕ್ಕಳಿಗೆ. ಚಿಕಿತ್ಸೆ ಸರಿಯಾಗಿ ಆರಂಭವಾದ ಕೆಲವೇ ವಾರಗಳಲ್ಲಿ ಹರಡುವ ಸಾಮರ್ಥ್ಯ ಬಹಳ ಕುಗ್ಗುತ್ತದೆ. ಆರಾಮೆನಿಸಿತೆಂದು ಎರಡು ತಿಂಗಳಿಗೆ ಮಾತ್ರೆ ಬಿಟ್ಟರೆ ಮಾತ್ರ ರೋಗ ಔಷಧಕ್ಕೆ ಬಗ್ಗದಂತಾಗುತ್ತದೆ.

ಇನ್ನೊಂದು ಎಚ್ಚರಿಕೆ ನಮ್ಮ ಸೀಮೆಗೇ ಸೇರಿದ್ದು. ಸೊರಬ ತಾಲ್ಲೂಕಿನ ಕ್ಯಾಸನೂರಿನ ಹೆಸರನ್ನೇ ಹೊತ್ತ ಮಂಗನ ಕಾಯಿಲೆ 1957ರಲ್ಲಿ ಅಲ್ಲಿಯ ಕಾಡಿನಲ್ಲಿ ಪತ್ತೆಯಾಯಿತು. ಚಳಿಗಾಲದಿಂದ ಬೇಸಿಗೆಯವರೆಗೆ, ಕಾಡಿಗೆ ಸೌದೆ, ಸೊಪ್ಪಿಗೆಂದು ಹೋಗಿಬಂದವರಿಗೆ ಇದ್ದಕ್ಕಿದ್ದಂತೆ ವಿಪರೀತ ಜ್ವರ, ತಲೆನೋವು, ಮೈಕೈ ನೋವು ಬಂದರೆ, ಜೊತೆಗೆ ಕೆಮ್ಮು ಇದ್ದರೂ ಇಲ್ಲದಿದ್ದರೂ, ಶೀತಜ್ವರವೆಂದು ಮನೆಯಲ್ಲಿ ಮಲಗಿಸಬಾರದು.

ಕಷಾಯದ ಪಾತ್ರೆಯನ್ನು ಒಲೆಗಿಟ್ಟ ದಿನವೇ ಗೋಡೆಯ ಪಂಚಾಂಗದಲ್ಲಿ ಕೆಮ್ಮು ಆರಂಭವಾದ ದಿನಕ್ಕೆ ಒಂದು ಗುರುತು ಹಾಕಿರಿ. ಅಲ್ಲಿಂದ ಹದಿನಾಲ್ಕನೆಯ ದಿನಕ್ಕೆ ಇನ್ನೊಂದು ಗುರುತು ಹಾಕಿರಿ. ಎರಡನೆಯ ಗುರುತು ಬಂದಾಗಲೂ ಕೆಮ್ಮು ಉಳಿದಿದ್ದರೆ, ಮನೆಯ ಹಿರಿಯರನ್ನು ಜೊತೆಗೂಡಿ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಇಲ್ಲವೇ ಶಿಕಾರಿಪುರ ಅಥವಾ ಸೊರಬದ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿರಿ. ಸದ್ಭಕ್ತರೆಲ್ಲರ ಕಾಯಕಕ್ಕೆ ಆರೋಗ್ಯದ ಬಲವಿರಲಿ ಎಂದು ಹಾರೈಸುತ್ತೇವೆ.