ಪಟ್ಟೆ ಹುಲ್ಲು: ನಿಜವೆಷ್ಟು, ನಂಬಿಕೆಯೆಷ್ಟು?

ಉದ್ದನೆಯ ಹಸಿರು ಎಲೆ, ಅದರ ನಡುವೆ ಬಿಳಿ ಪಟ್ಟೆ. ಕುಂಡದಿಂದ ಇಳಿಬಿದ್ದ ಬಳ್ಳಿಯಂಥ ಕಾಂಡ, ಅದರ ತುದಿಯಲ್ಲಿ ಪುಟ್ಟ ಪುಟ್ಟ ಮರಿಗಿಡಗಳು. ನಿಮ್ಮ ಮನೆಯ ಜಗಲಿಯಲ್ಲೋ ನೆರೆಮನೆಯ ಕಿಟಕಿಯಲ್ಲೋ ಈ ಗಿಡವನ್ನು ನೀವು ನೋಡಿರಬಹುದು. ನರ್ಸರಿಗಳಲ್ಲಿ ಇದರ ಹೆಸರು ಸ್ಪೈಡರ್ ಪ್ಲಾಂಟ್. ಈ ಚೆಂದದ ಗಿಡದ ಸುತ್ತ ಹಲವು ತಪ್ಪು ಕಲ್ಪನೆಗಳೂ ಹಬ್ಬಿಕೊಂಡಿವೆ.

ಇದು ಹುಲ್ಲೇ?

ಅಲ್ಲ. ನೋಡಲು ಹುಲ್ಲಿನಂತಿದ್ದರೂ ಇದು ಶತಾವರಿಯ ಕುಟುಂಬಕ್ಕೆ ಸೇರಿದ್ದು. ಔಷಧಿಗೆ ಬಳಸುವ ಸಫೇದ್ ಮುಸಲಿ ಇದರ ಹತ್ತಿರದ ಸಂಬಂಧಿ. ಹಾಗೆಂದು ಇದರ ಬೇರನ್ನು ಔಷಧಿಯೆಂದು ತಿನ್ನಬಾರದು. ಇದರ ತವರು ಆಫ್ರಿಕಾ.

ಗಾಳಿಯನ್ನು ಶುದ್ಧಗೊಳಿಸುವುದೇ?

ಹೆಚ್ಚು ಪ್ರಚಾರದಲ್ಲಿರುವುದು ಈ ಮಾತೇ. 1989ರಲ್ಲಿ ಅಮೆರಿಕದ ನಾಸಾ ಸಂಸ್ಥೆಯ ವರದಿಯೊಂದು, ಮನೆಯೊಳಗಿನ ಗಿಡಗಳು ಗಾಳಿಯಲ್ಲಿರುವ ಕೆಲವು ವಿಷಕಾರಿ ರಾಸಾಯನಿಕಗಳನ್ನು ಕಡಿಮೆ ಮಾಡುತ್ತವೆ ಎಂದು ಹೇಳಿತ್ತು. ಆದರೆ ಆ ಪ್ರಯೋಗ ನಡೆದದ್ದು ಗಾಳಿಯಾಡದಂತೆ ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ. ನಮ್ಮ ಮನೆ ಅಂತಹ ಪೆಟ್ಟಿಗೆಯಲ್ಲ. 2019ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾನಿಲಯದ ಸಂಶೋಧಕರು ಇಂತಹ ಅಧ್ಯಯನಗಳನ್ನೆಲ್ಲ ಮರುಪರಿಶೀಲಿಸಿದರು. ಕಟ್ಟಡದೊಳಗೆ ಸಹಜವಾಗಿ ಗಾಳಿಯಾಡುವುದರಿಂದ ಆಗುವಷ್ಟೇ ಶುದ್ಧೀಕರಣ ಗಿಡಗಳಿಂದ ಆಗಬೇಕಾದರೆ, ಪ್ರತಿ ಚದರ ಮೀಟರ್ ನೆಲಕ್ಕೆ 10ರಿಂದ 1000 ಗಿಡಗಳು ಬೇಕೆಂದು ಅವರು ಲೆಕ್ಕ ಹಾಕಿದರು. ಅಷ್ಟು ಗಿಡಗಳನ್ನಿಟ್ಟರೆ ನಾವು ಕೂರುವುದೆಲ್ಲಿ?

ಮಗುವಿಗೆ ಉಬ್ಬಸವಿದೆಯೆಂದು ನಾಲ್ಕು ಕುಂಡ ತಂದಿಟ್ಟು ನಿಶ್ಚಿಂತರಾಗಬೇಡಿ. ಕಿಟಕಿಗಳನ್ನು ತೆರೆದಿಡಿ. ಅಡುಗೆಮನೆಯ ಹೊಗೆ ಹೊರಹೋಗುವಂತೆ ನೋಡಿಕೊಳ್ಳಿ. ಸೊಳ್ಳೆಬತ್ತಿ, ಊದುಬತ್ತಿ, ಲೋಬಾನದ ಹೊಗೆಯಿಂದ ಮಗುವನ್ನು ದೂರವಿಡಿ. ವೈದ್ಯರು ಕೊಟ್ಟ ಔಷಧಿಯನ್ನು ನಿಲ್ಲಿಸಬೇಡಿ.

ರಾತ್ರಿ ಮಲಗುವ ಕೋಣೆಯಲ್ಲಿಟ್ಟರೆ ಅಪಾಯವೇ?

ಗಿಡಗಳೂ ಉಸಿರಾಡುತ್ತವೆ. ರಾತ್ರಿ ಅವು ಆಮ್ಲಜನಕವನ್ನು ಹೀರಿಕೊಳ್ಳುವುದು ನಿಜ. ಆದರೆ ಆ ಪ್ರಮಾಣ ತೀರಾ ಅಲ್ಪ. ಅದೇ ಕೋಣೆಯಲ್ಲಿ ಮಲಗಿದ ಇನ್ನೊಬ್ಬ ವ್ಯಕ್ತಿ ಬಳಸುವುದು ಅದಕ್ಕಿಂತ ಎಷ್ಟೋ ಹೆಚ್ಚು. ಹೆದರುವ ಅಗತ್ಯವಿಲ್ಲ.

ವಿಷದ ಗಿಡವೇ?

ಅಲ್ಲ. ಬೆಕ್ಕು, ನಾಯಿಗಳಿಗೂ ಇದು ವಿಷವಲ್ಲ. ಬೆಕ್ಕುಗಳಿಗೆ ಇದರ ಎಲೆ ಕಚ್ಚುವ ಚಪಲ ಹೆಚ್ಚು, ಬಹಳ ತಿಂದರೆ ವಾಂತಿ ಮಾಡಿಕೊಳ್ಳಬಹುದು. ಕುಂಡವನ್ನು ಎತ್ತರದಲ್ಲಿ ತೂಗುಹಾಕಿದರಾಯಿತು.

ದಿನವೂ ನೀರು ಬೇಕೇ?

ಬೇಡ. ಇದರ ದಪ್ಪನೆಯ ಬೇರುಗಳಲ್ಲಿ ನೀರಿನ ಸಂಗ್ರಹವಿರುತ್ತದೆ. ಮೇಲ್ಮಣ್ಣು ಒಣಗಿದ ಮೇಲೆ ನೀರು ಹಾಕಿದರೆ ಸಾಕು. ಹೆಚ್ಚಾದರೆ ಬೇರು ಕೊಳೆಯುತ್ತದೆ. ಎಲೆಯ ತುದಿ ಕಂದು ಬಣ್ಣಕ್ಕೆ ತಿರುಗಿದರೆ ರೋಗವೆಂದು ಗಾಬರಿಯಾಗಬೇಡಿ. ನೀರಿನಲ್ಲಿರುವ ಲವಣ ಅಥವಾ ಫ್ಲೋರೈಡ್, ಅತಿಯಾದ ಗೊಬ್ಬರ ಇಲ್ಲವೇ ಒಣ ಹವೆ ಇದಕ್ಕೆ ಕಾರಣವಾಗಿರಬಹುದು. ಮಳೆನೀರು ಸಿಕ್ಕಿದರೆ ಉತ್ತಮ.

ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲಲು ಮಾತ್ರ ಬಿಡಬೇಡಿ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡುವುದು ಇಂತಹ ನೀರಿರುವ ಪಾತ್ರೆಗಳಲ್ಲೇ. ವಾರಕ್ಕೊಮ್ಮೆಯಾದರೂ ತಟ್ಟೆಯನ್ನು ಖಾಲಿ ಮಾಡಿ ಚೆನ್ನಾಗಿ ಉಜ್ಜಿ ತೊಳೆಯಿರಿ.

ಹೊಸ ಗಿಡಕ್ಕೆ ದುಡ್ಡು ಕೊಡಬೇಕೇ?

ಖಂಡಿತ ಬೇಡ. ನೆರೆಮನೆಯ ಗಿಡದಿಂದ ಬೇರುಬಿಟ್ಟ ಒಂದು ಮರಿಯನ್ನು ಕೇಳಿ ತಂದು ಮಣ್ಣಿನಲ್ಲಿ ಊರಿ. ಕೆಲವೇ ವಾರಗಳಲ್ಲಿ ಚಿಗುರುತ್ತದೆ. ನೇರ ಬಿಸಿಲು ಬೀಳದ, ಬೆಳಕಿರುವ ಜಾಗ ಇದಕ್ಕೆ ಇಷ್ಟ.

ಗಿಡ ಬೆಳೆಸಿ, ಅದರ ಚೆಂದವನ್ನು ಸವಿಯಿರಿ. ಆದರೆ ಶುದ್ಧ ಗಾಳಿಯ ಹೊಣೆಯನ್ನು ಗಿಡಕ್ಕೆ ವಹಿಸಬೇಡಿ. ಆ ಕೆಲಸಕ್ಕೆ ನಿಮ್ಮ ಮನೆಯ ಕಿಟಕಿಗಳಿವೆ.